ನಮ್ಮೂರಿಗೇ ಬರೋದು, ಭಯ ಯಾಕೆ?

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು 9 ವರ್ಷವಾಯಿತು. ನಮ್ಮವರಿಗೆ ಬೆಂಗಳೂರಿನ ಆಫೀಸಿಗೆ ವರ್ಗವಾಗಿದೆ. ಬರುವ ಜೂನ್‌ನಲ್ಲಿ ಗಂಟುಮೂಟೆ ಕಟ್ಟಿಕೊಂಡು ಪೂರ್ತಿ ವಾಪಸು ಬರುತ್ತಿದ್ದೇವೆ. ಮಗಳಿಗೆ 8 ವರ್ಷ, ಮಗನಿಗೆ 4. ಅಪ್ಪ, ಅಮ್ಮ, ಅಕ್ಕ ಶಿವಮೊಗ್ಗದಲ್ಲಿದ್ದಾರೆ. ಎಲ್ಲರಿಗೂ ಖುಷಿ. ನಾನು ಮಾತ್ರ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತೇನೆ. "ನಿಮ್ಮೂರಿಗೇ ತಾನೆ ಬರ್ತಿರೋದು, ಭಯ ಯಾಕೆ?" ಅಂತ ಕೇಳುತ್ತಾರೆ. ಹೋದ ವರ್ಷ ರಜೆಗೆ ಬಂದಾಗ ಬೇಕರಿಯಲ್ಲಿ ಸಾಲು ಬಿಟ್ಟು ನುಗ್ಗಿದವರ ಮೇಲೆ ರೇಗಿಬಿಟ್ಟೆ. ಅಕ್ಕ "ಏನೇ, ಪೂರ್ತಿ ಫಾರಿನ್ನವಳಾಗಿಬಿಟ್ಟೆಯಲ್ಲ" ಅಂದಳು. ಅದು ಇನ್ನೂ ಚುಚ್ಚುತ್ತಿದೆ. ಇಲ್ಲಿ ನಮ್ಮ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ. 'ಕೇರ್‌ವೊಖೆ' ಅನ್ನುತ್ತಾರೆ. ಸರದಿ ಬಂದ ಮನೆಯ ಬಾಗಿಲಿಗೆ ಪುಟ್ಟ ಬೋರ್ಡು ತೂಗುಹಾಕುತ್ತಾರೆ. ಮೊದಲ ವರ್ಷ ಆ ಬೋರ್ಡು ಕಂಡರೆ ಸಿಟ್ಟು ಬರುತ್ತಿತ್ತು. ಹೋದ ವಾರ ಅದನ್ನು ನೋಡಿ ಅಳು ಬಂತು. ನನಗೆ ಏನಾಗಿದೆ? ಹೇಗೆ ತಯಾರಾಗಲಿ?
— ಸ್ಟುಟ್‌ಗಾರ್ಟ್‌ನಿಂದ ಒಬ್ಬ ಓದುಗರು

ಉತ್ತರ: ನಿಮಗೆ ಏನೂ ಆಗಿಲ್ಲ ತಂಗಿ. ಪತ್ರವನ್ನು ಎರಡು ಸಲ ಓದಿದೆ. ಬೋರ್ಡಿನ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನೂ ವಾಪಸು ಬಂದವಳೇ. 1995ರಿಂದ 2009ರವರೆಗೆ 14 ವರ್ಷ ಒಮಾನ್ ದೇಶದ ಮಸ್ಕತ್‌ನಲ್ಲಿದ್ದು ಕುಂದಾಪುರಕ್ಕೆ ಬಂದೆವು. ಕೊಲ್ಲಿ ದೇಶಗಳಲ್ಲಿ ನಮ್ಮಂಥವರ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಮುಗಿದರೆ ಹೊರಡಬೇಕು. ಹಾಗಾಗಿ ಒಂದು ದಿನ ವಾಪಸು ಬರಬೇಕು ಅನ್ನುವುದು ಹೋದ ದಿನವೇ ಗೊತ್ತಿತ್ತು. ಗೊತ್ತಿದ್ದೂ, ಬಂದ ಮೇಲೆ ಒಂದು ವರ್ಷ ನನಗೆ ನೆಲ ಸಿಗಲಿಲ್ಲ.

ಇದಕ್ಕೆ ರಿವರ್ಸ್ ಕಲ್ಚರ್ ಶಾಕ್ ಅನ್ನುತ್ತಾರೆ. ಇಂದು ನಿನ್ನೆಯದಲ್ಲ. ನಾರ್ವೆಯ ಲೈಸ್‌ಗಾರ್ಡ್ ಎಂಬ ಸಂಶೋಧಕರು ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ಮಾತಾಡಿಸಿ 1955ರಲ್ಲಿ ಒಂದು ಮಾತು ಹೇಳಿದರು. ಪರದೇಶದಲ್ಲಿ ಮನಸ್ಸು ಮೊದಲು ಉಲ್ಲಾಸದಲ್ಲಿರುತ್ತದೆ, ಆಮೇಲೆ ಕುಸಿಯುತ್ತದೆ, ಮತ್ತೆ ನಿಧಾನಕ್ಕೆ ಏರುತ್ತದೆ, ಇಂಗ್ಲಿಷಿನ ಯು ಅಕ್ಷರದ ಹಾಗೆ. 1963ರಲ್ಲಿ ಅಮೆರಿಕದ ಗುಲ್ಲಹಾರ್ನ್ ದಂಪತಿ ಇದಕ್ಕೆ ಇನ್ನೊಂದು ಯು ಸೇರಿಸಿದರು. ಊರಿಗೆ ಮರಳಿದ ಮೇಲೂ ಅದೇ ಇಳಿತ, ಅದೇ ಏರು ಇನ್ನೊಮ್ಮೆ ಬರುತ್ತದೆ, ಒಟ್ಟು ಸೇರಿ ಡಬ್ಲ್ಯು ಆಗುತ್ತದೆ ಅಂದರು. ಎಲ್ಲರಿಗೂ ಹೀಗೇ ಆಗಬೇಕು ಅಂತಿಲ್ಲ. ಆದರೆ 2009ರಲ್ಲಿ ಯಾರಾದರೂ ಇಷ್ಟು ಹೇಳಿದ್ದರೆ, 'ನಾನೇ ಸರಿ ಇಲ್ಲ' ಅಂತ ನಾನು ಅಷ್ಟು ಕೊರಗುತ್ತಿರಲಿಲ್ಲ.

ನನ್ನ ಒಂದು ಶುಕ್ರವಾರದ ಕಥೆ ಹೇಳುತ್ತೇನೆ. ಮಸ್ಕತ್‌ನಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಅದು ಶುಕ್ರವಾರ, ಶನಿವಾರ ಆಗಿದ್ದು ನಾವು ಬಂದ ಮೇಲೆ, 2013ರಲ್ಲಿ. ಕುಂದಾಪುರಕ್ಕೆ ಬಂದು ಮೂರನೆಯ ಶುಕ್ರವಾರ ಇರಬೇಕು. ಎದ್ದಾಗ ಎಂಟು ಗಂಟೆ. ಹೊರಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ನಾನು ಚಾ ಹಿಡಿದು ಜಗಲಿಯಲ್ಲಿ ಕೂತೆ. ಮಸ್ಕತ್‌ನಲ್ಲಿ ಶುಕ್ರವಾರ ಬೆಳಿಗ್ಗೆ ಅಂದರೆ ರಸ್ತೆ ಖಾಲಿ, ಮನೆಯಲ್ಲಿ ನೀರುದೋಸೆ, ಹತ್ತು ಗಂಟೆಗೆ ಗೆಳತಿಯ ಫೋನು: "ಸಂಜೆ ಮತ್ರಾ ಕಡಲ ದಂಡೆಗೆ ಹೋಗೋಣವಾ?" ಆವತ್ತೂ ಫೋನಿನ ಕಡೆ ಕಿವಿ ಇಟ್ಟು ಕೂತಿದ್ದೆ. ಹತ್ತಾಯಿತು, ಹತ್ತೂವರೆ ಆಯಿತು. ಇಡೀ ಊರು ಕೆಲಸಕ್ಕೆ ಹೊರಟುಹೋಗಿತ್ತು. ರಜೆ ಇದ್ದದ್ದು ನನ್ನ ಮೈಗೆ ಮಾತ್ರ.

ಟ್ರಾಫಿಕ್ಕು, ಧೂಳು, ಹಾರ್ನು, ಇದನ್ನೆಲ್ಲ ಎಲ್ಲರೂ ಮೊದಲೇ ಹೇಳಿ ಹೆದರಿಸುತ್ತಾರೆ. ಅದಕ್ಕೆ ಒಗ್ಗಿಕೊಳ್ಳುವುದು ಅಷ್ಟು ಕಷ್ಟವಲ್ಲ. ಇಂಥ ಶುಕ್ರವಾರಗಳ ಬಗ್ಗೆ ಯಾರೂ ಹೇಳುವುದಿಲ್ಲ. ನಿಮಗೆ ಅದು ಭಾನುವಾರ ಆಗಬಹುದು. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವ ಸದ್ದೂ ಇರುವುದಿಲ್ಲ. ಬೆಂಗಳೂರಿನಲ್ಲಿ ಅಂಗಡಿ ಬೀದಿ ತುಂಬಿ ತುಳುಕುವುದೇ ಭಾನುವಾರ. ಮೊದಲ ಕೆಲವು ಭಾನುವಾರ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿಡಿ. ಲಾಲ್‌ಬಾಗ್‌ಗೆ ಬೆಳಿಗ್ಗೆ ಆರಕ್ಕೇ ಹೋಗಿ. ಬೇರೆ ಎಲ್ಲಾದರೂ ಸರಿ. ಆ ದಿನ ಖಾಲಿ ಇರಬಾರದು.

ಇನ್ನೊಂದು ವಿಷಯ. ರಜೆಗೆ ಬಂದಾಗ ಊರು ನಮ್ಮನ್ನು ನೆಂಟರ ಹಾಗೆ ನೋಡಿಕೊಳ್ಳುತ್ತದೆ. ಪತ್ರೊಡೆ ಮಾಡುತ್ತಾರೆ, ಮಂಚ ಬಿಟ್ಟುಕೊಡುತ್ತಾರೆ. ನಾವೂ ಮೂರು ವಾರಕ್ಕಾಗುವಷ್ಟು ಊರನ್ನು ಕಣ್ಣಲ್ಲಿ ತುಂಬಿಕೊಂಡು ಹೋಗುತ್ತೇವೆ. ಹಾಗೆ ತುಂಬಿಕೊಂಡ ಊರಿನಲ್ಲಿ ಕರೆಂಟು ಹೋಗುವುದಿಲ್ಲ, ಯಾರಿಗೂ ವಯಸ್ಸಾಗುವುದಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ಪರದೇಶದಲ್ಲಿರುವಾಗ ನಮಗೆ ಆ ಬೆಟ್ಟ ನಮ್ಮೂರು. ಬಂದ ಮರುವಾರವೇ ಸ್ಟುಟ್‌ಗಾರ್ಟ್ ಆ ಬೆಟ್ಟವಾಗುತ್ತದೆ. ಅಲ್ಲಿನ ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತಿದ್ದದ್ದು ಮರೆತೇಹೋಗುತ್ತದೆ.

ಆದ್ದರಿಂದ ನನ್ನ ಒಂದೇ ಮಾತು ಕೇಳಿ. ಹಳೇ ಊರಿಗೆ ಹೋಗುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊಸ ಊರಿಗೆ ಹೋಗುತ್ತಿದ್ದೇನೆ ಅಂದುಕೊಂಡು ತಯಾರಾಗಿ. 9 ವರ್ಷದ ಹಿಂದೆ ಜರ್ಮನಿಗೆ ಹೊರಡುವಾಗ ಬಸ್ಸು ಹೇಗೆ, ಅಂಗಡಿ ಎಲ್ಲಿ, ಡಾಕ್ಟರು ಯಾರು ಅಂತ ಎಷ್ಟು ವಿಚಾರಿಸಿದ್ದಿರಿ, ನೆನಪಿದೆಯಾ? ಈಗಲೂ ಅಷ್ಟೇ ವಿಚಾರಿಸಿ. ನೀವು ಹೋಗುವಾಗ ನಮ್ಮ ಮೆಟ್ರೊ ವೈಟ್‌ಫೀಲ್ಡಿಗೆ ಬಂದಿರಲಿಲ್ಲ, 2023ರಿಂದ ಓಡುತ್ತಿದೆ. ಶಿವಮೊಗ್ಗದಲ್ಲಿ ಅದೇ ವರ್ಷ ವಿಮಾನ ನಿಲ್ದಾಣವಾಯಿತು. ನಾನು ಬಿಟ್ಟುಹೋದಾಗ ನಮ್ಮ ಕುಂದಾಪುರದ ಹೆದ್ದಾರಿಗೆ ನಂಬರ್ 17 ಇತ್ತು. ಬಂದ ಮರುವರ್ಷ ಅದಕ್ಕೆ 66 ಅಂತ ಹೆಸರು ಬಂತು. ನಾನು ಎಷ್ಟೋ ದಿನ ಹದಿನೇಳು ಅಂತಲೇ ಹೇಳುತ್ತಿದ್ದೆ.

ಹೊರದೇಶದಲ್ಲಿ ನೀವು ತಪ್ಪು ಮಾಡಿದರೆ ಹೊಸಬಳು ಅಂತ ಜನ ಸುಮ್ಮನಾಗುತ್ತಿದ್ದರು. ಇಲ್ಲಿ ಆ ರಿಯಾಯಿತಿ ಇಲ್ಲ. ನಮ್ಮದೇ ಮುಖ, ನಮ್ಮದೇ ಮಾತು, ಇವಳಿಗೆ ಇಷ್ಟೂ ಗೊತ್ತಿಲ್ವಾ ಅನ್ನುತ್ತಾರೆ. ಆ ರಿಯಾಯಿತಿಯನ್ನು ನಿಮಗೆ ನೀವೇ ಕೊಟ್ಟುಕೊಳ್ಳಬೇಕು. ನಾನು ಒಂದು ವರ್ಷ ಅಂತ ಇಟ್ಟುಕೊಂಡೆ. ಆ ವರ್ಷ ದೊಡ್ಡ ತೀರ್ಮಾನ ಯಾವುದೂ ಬೇಡ. ಮನೆ ಕೊಳ್ಳಬೇಡಿ, ಬಾಡಿಗೆಗೆ ಇರಿ. 'ತಪ್ಪು ಮಾಡಿದೆವು, ವಾಪಸು ಹೋಗೋಣ' ಅನ್ನುವ ತೀರ್ಮಾನವೂ ಆ ವರ್ಷ ಬೇಡ.

ಅಕ್ಕನ ಮಾತಿಗೆ ಬರುತ್ತೇನೆ. ಅದು ಚುಚ್ಚಿದ್ದು ನಿಜ. ಆದರೆ ಆ 9 ವರ್ಷ ಅಪ್ಪನ ಬಿಪಿ ಮಾತ್ರೆ ತಂದುಕೊಟ್ಟವರು, ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ಊರಲ್ಲಿ ಉಳಿದವರೇ. 'ಫಾರಿನ್ನವಳಾಗಿಬಿಟ್ಟೆ' ಅನ್ನುವ ಮಾತಿನ ಒಳಗೆ 'ನೀನು ಇನ್ನೂ ನಮ್ಮವಳೇ ತಾನೆ?' ಅನ್ನುವ ಪ್ರಶ್ನೆ ಇರುತ್ತದೆ. ನನ್ನ ನಾದಿನಿ ಹೀಗೇ ಅನ್ನುತ್ತಿದ್ದರು. ಒಂದು ದಿನ "ಅತ್ತೆಯ ಆಸ್ಪತ್ರೆಯ ಓಡಾಟ ಇನ್ನು ನನಗೆ ಬಿಡಿ" ಅಂದೆ. ಅವರು ಮಾತಾಡಲಿಲ್ಲ. ಫೈಲು ತಂದು ಕೈಗಿಟ್ಟರು. ಹನ್ನೊಂದು ವರ್ಷದ ಚೀಟಿಗಳು, ತಾರೀಕಿನ ಪ್ರಕಾರ ಜೋಡಿಸಿ ದಾರ ಕಟ್ಟಿದ್ದು. ಆಮೇಲೆ ಆ ಮಾತು ಅವರ ಬಾಯಲ್ಲಿ ಬರಲಿಲ್ಲ. ನೀವೂ ಅಕ್ಕನ ಒಂದು ಕೆಲಸವನ್ನು ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿದ್ದೇ ಮಾಡಬಹುದಾದ್ದು ಏನಾದರೂ ಇದ್ದೇ ಇರುತ್ತದೆ. ಮತ್ತೆ 'ಜರ್ಮನಿಯಲ್ಲಿ ಹೀಗಿರಲಿಲ್ಲ' ಅನ್ನುವ ಮಾತನ್ನು ಮೊದಲ ಆರು ತಿಂಗಳು ಗಂಡನ ಹತ್ತಿರ ಮಾತ್ರ ಆಡಿ. ಸುಳ್ಳು ಅಂತಲ್ಲ. ಕೇಳಿಸಿಕೊಳ್ಳುವವರಿಗೆ ಅದು ಅವರ ಬದುಕನ್ನೇ ಹಳಿದ ಹಾಗೆ ಕೇಳಿಸುತ್ತದೆ.

ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಇನ್ನೊಂದಿದೆ. ನಿಮ್ಮ 9 ವರ್ಷದ ಬಗ್ಗೆ ಯಾರೂ ಕೇಳುವುದಿಲ್ಲ. 2007ರ ಜೂನ್‌ನಲ್ಲಿ ಮಸ್ಕತ್‌ಗೆ ಗೋನು ಚಂಡಮಾರುತ ಬಂತು. ಅಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 100 ಮಿಲಿಮೀಟರ್. ಒಣಗಿದ ಹಳ್ಳಗಳನ್ನು ಅಲ್ಲಿ ವಾದಿ ಅನ್ನುತ್ತಾರೆ. ಆ ರಾತ್ರಿ ವಾದಿಗಳು ನದಿಯಾಗಿ ಕಾರುಗಳನ್ನು ಎತ್ತಿಕೊಂಡು ಹೋದವು. ನಮ್ಮದು ಕುರುಮ್ ಹತ್ತಿರ ಕೆಳಮಹಡಿಯ ಮನೆ. ಮಕ್ಕಳನ್ನು ಎತ್ತಿಕೊಂಡು ಮೇಲಿನ ಮನೆಯವರ ಬಾಗಿಲು ತಟ್ಟಿದೆವು. ನನ್ನ ಬದುಕಿನ ಅತಿ ದೊಡ್ಡ ರಾತ್ರಿ ಅದು. ಕುಂದಾಪುರದಲ್ಲಿ ಹೇಳಿದರೆ ಜನ, "ಓ, ಮಳೆಯಾ? ಇಲ್ಲೂ ಆ ವರ್ಷ ಜೋರಿತ್ತು" ಅಂದರು. ಅವರ ತಪ್ಪಲ್ಲ. ಮಳೆಯಲ್ಲೇ ಹುಟ್ಟಿ ಬೆಳೆದವರಿಗೆ ಒಂದು ರಾತ್ರಿಯ ಮಳೆ ಎಷ್ಟರದ್ದು? ನಾನು ಹೇಳುವುದನ್ನೇ ಬಿಟ್ಟೆ. ಒಂದು ದಿನ ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರು ಹೂ ಕೊಯ್ಯಲು ಬಂದವರು ನಿಂತು ಕೇಳಿದರು: "ಆ ರಾತ್ರಿ ಮಕ್ಕಳಿಗೆ ಊಟಕ್ಕೆ ಏನು ಕೊಟ್ಟಿರಿ?" ಬ್ರೆಡ್ಡು, ಖರ್ಜೂರ ಅಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಎರಡು ವರ್ಷದಿಂದ ಹಾಗೆ ಕೇಳಿದವರು ಅವರೊಬ್ಬರೇ. ಅವರು ಈಗಲೂ ನನ್ನ ಗೆಳತಿ. ಅಂಥ ಒಬ್ಬರು ನಿಮಗೂ ಬೇಕು. ಸಿಗುವವರೆಗೆ ಸ್ಟುಟ್‌ಗಾರ್ಟ್‌ನ ಗೆಳತಿಯರ ಜೊತೆ ವಾರಕ್ಕೊಮ್ಮೆ ಮಾತಾಡಿ, ದಿನ ಮತ್ತು ಗಂಟೆ ಗೊತ್ತುಮಾಡಿಕೊಂಡು. 'ಬಿಡುವಾದಾಗ ಮಾಡೋಣ' ಅಂದರೆ ಆ ಬಿಡುವು ಬರುವುದಿಲ್ಲ.

ಹೊರಡುವ ಮುಂಚೆ ಎಲ್ಲರಿಗೂ ಹೇಳಿ ಬನ್ನಿ. ಇದನ್ನು ದಯವಿಟ್ಟು ಮಾಡಿ. ನಾನು ಮಾಡಲಿಲ್ಲ. ಫರ್ನಿಚರ್ ಮಾರುವುದು, ಕಾರು ಮಾರುವುದು, ಬ್ಯಾಂಕು, ಶಾಲೆಯ ಟಿಸಿ ಅಂತ ಕೊನೆಯ ತಿಂಗಳು ಹೋಯಿತು. ಪಕ್ಕದ ಮನೆಯ ಒಮಾನಿ ಅಮ್ಮ ಆ ವಾರ ನಿಜ್ವಾದ ತಮ್ಮ ತೋಟಕ್ಕೆ ಹೋಗಿದ್ದರು. ನನ್ನ ಮಗ ಅವರ ಅಡುಗೆಮನೆಯಲ್ಲೇ ನಡೆಯಲು ಕಲಿತವನು. ಒಂದು ಫೋನೂ ಮಾಡದೆ ಬಂದುಬಿಟ್ಟೆವು. ಅವನು ಎಷ್ಟೋ ದಿನ "ಅವರಿಗೆ ನಾವು ಹೋಗಿದ್ದು ಗೊತ್ತಾ ಅಮ್ಮ?" ಅಂತ ಕೇಳುತ್ತಿದ್ದ. ಇವತ್ತಿಗೂ ಎಲ್ಲಾದರೂ ಲುಬಾನ್ ಧೂಪದ ಹೊಗೆಯ ವಾಸನೆ ಬಂದರೆ ನನಗೆ ಆ ಪ್ರಶ್ನೆಯೇ ಕೇಳಿಸುತ್ತದೆ. ಜರ್ಮನಿ ಬಿಡುವಾಗ ನಗರ ಕಚೇರಿಯಲ್ಲಿ ಹೆಸರು ತೆಗೆಸಬೇಕಲ್ಲ, ಆಬ್‌ಮೆಲ್ಡುಂಗ್. ಅದಕ್ಕೆ ಒಂದು ದಿನ ಇಟ್ಟ ಹಾಗೆ ಕೆಳಮನೆಯವರಿಗೂ, ಬ್ರೆಡ್ಡಿನ ಅಂಗಡಿಯವರಿಗೂ, ಮಗನ ಕಿಂಡರ್‌ಗಾರ್ಟನ್‌ಗೂ ಒಂದು ದಿನ ಇಡಿ. ನಿಮ್ಮ ರಾಜ್ಯದಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ತಾನೆ ಶುರು? ಅಂದರೆ ಜೂನ್‌ನಲ್ಲಿ ಮಗಳು ಅರ್ಧಕ್ಕೇ ಎದ್ದು ಬರುತ್ತಾಳೆ. ಅವಳ ತರಗತಿಯವರು ಎಲ್ಲರೂ ಆಡುತ್ತಿರುವಾಗ ಇವಳೊಬ್ಬಳು ವಿಮಾನ ಹತ್ತುತ್ತಾಳೆ. ಟೀಚರಿಗೆ ಈಗಲೇ ಹೇಳಿ, ಬೀಳ್ಕೊಡುಗೆಗೆ ಒಂದು ಗಂಟೆ ಬಿಡುವು ಕೇಳಿ. ಮೆಟ್ಟಿಲಿನ ಆ ಬೋರ್ಡಿನ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಿರಿ.

ಮಗಳಿಗೆ ಕನ್ನಡ ಮಾತು ಬರುತ್ತದೆ ಅಂದುಕೊಳ್ಳುತ್ತೇನೆ. ಓದು ಬರಹ? ಕರ್ನಾಟಕದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಶಾಲೆಗಳು ಕನ್ನಡ ಕಲಿಸಬೇಕು. ಅವಳ ವಯಸ್ಸಿನ ಮಕ್ಕಳು ಇಲ್ಲಿ ಆಗಲೇ ಒತ್ತಕ್ಷರ ಬರೆಯುತ್ತಿರುತ್ತಾರೆ. 49 ಅಕ್ಷರಗಳನ್ನು ಈಗಿನಿಂದ ದಿನಕ್ಕೆ ಹದಿನೈದು ನಿಮಿಷ ಕಲಿಸಿ. ಕಾಪಿ ಬರೆಸಬೇಡಿ. ಶಿವಮೊಗ್ಗದ ಅಜ್ಜಿಗೆ ವಾರಕ್ಕೊಂದು ಕಾರ್ಡು ಬರೆಸಿ, ಎರಡೇ ಸಾಲು ಸಾಕು. ಮಗ ಚಿಕ್ಕವನು, ಬೇಗ ಒಗ್ಗಿಕೊಳ್ಳುತ್ತಾನೆ, ಜರ್ಮನ್ನನ್ನೂ ಬೇಗ ಮರೆಯುತ್ತಾನೆ. ಅದಕ್ಕೆ ಜಾಸ್ತಿ ಸಂಕಟಪಡಬೇಡಿ.

ರಸ್ತೆ ದಾಟುವುದನ್ನು ಮಾತ್ರ ಬಂದ ಮೊದಲ ದಿನವೇ ಕಲಿಸಿ. ಅಲ್ಲಿ ವಾಹನ ಬಲಕ್ಕೆ ಓಡುತ್ತದೆ, ಹಾಗಾಗಿ ಮಕ್ಕಳು ಮೊದಲು ಎಡಕ್ಕೆ ನೋಡುತ್ತಾರೆ. ಇಲ್ಲಿ ಮೊದಲು ಬಲಕ್ಕೆ ನೋಡಬೇಕು. ಒಮಾನ್‌ನಲ್ಲೂ ಬಲಕ್ಕೇ ಓಡುವುದು. ನನ್ನ ಮಗ ಎಡಕ್ಕೆ ನೋಡಿ, ಏನೂ ಇಲ್ಲ ಅಂತ ಕಾಲಿಟ್ಟ. ಬಲಗಡೆಯಿಂದ ಬಸ್ಸು ಬಂತು. ಹಣ್ಣಿನ ಗಾಡಿಯವರು ಅಂಗಿ ಹಿಡಿದು ಎಳೆದರು.

ಉಳಿದದ್ದೆಲ್ಲ ಸಣ್ಣದು. ಜರ್ಮನಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇಲ್ಲಿ ನಡೆಯುತ್ತವೆ, ಎರಡೂ ಕಡೆ 230 ವೋಲ್ಟ್. ಎನ್‌ಆರ್‌ಇ ಖಾತೆ (ಹೊರದೇಶದಲ್ಲಿರುವ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ) ಇದ್ದರೆ ವಾಪಸು ಬಂದ ವಿಷಯ ಬ್ಯಾಂಕಿಗೆ ತಿಳಿಸಿ ಬದಲಿಸಿಕೊಳ್ಳಿ. ಮನೆ ಮಕ್ಕಳ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಸಿಕ್ಕರೆ, ಸ್ವಲ್ಪ ಚಿಕ್ಕದಾದರೂ ಅದನ್ನೇ ಹಿಡಿಯಿರಿ.

ಮೆಟ್ಟಿಲು ಗುಡಿಸುವ ಅಭ್ಯಾಸವನ್ನು ಬಿಡಬೇಡಿ. ಅಪಾರ್ಟ್‌ಮೆಂಟಿನಲ್ಲಿ ಮಗಳು ಪೊರಕೆ ಹಿಡಿದು ಹೊರಗೆ ಬಂದರೆ ಯಾರಾದರೂ "ಕೆಲಸದವರು ಬರಲಿಲ್ವಾ?" ಅಂತ ಕೇಳುತ್ತಾರೆ. ಕೇಳಲಿ. ನಿಮ್ಮ ಅಮ್ಮನೂ ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುತ್ತಾರಲ್ಲ? ಮಗಳಿಗೆ ಅದನ್ನು ತೋರಿಸಿ. ಅವಳಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಮಗ, ಸೊಸೆ, ಆರು ವರ್ಷದ ಮೊಮ್ಮಗ ಅಮೆರಿಕದಿಂದ ವಾಪಸು ಬರುತ್ತಿದ್ದಾರೆ. ಮೊದಲ ಎರಡು ತಿಂಗಳು ನಮ್ಮ ಜೊತೆ ಇರುತ್ತಾರೆ. ಮಗುವಿಗೆ ಖಾರ ಆಗುವುದಿಲ್ಲ. ಅವರಿಗೆ ಬೇಜಾರಾಗದಂತೆ ನಾನು ಹೇಗಿರಬೇಕು?
— ಶಿರಸಿ ಕಡೆಯ ಒಬ್ಬ ಅಜ್ಜಿ

ಉತ್ತರ: ಅಮ್ಮಾ, ನೀವು ಇದನ್ನು ಕೇಳಿದಿರಲ್ಲ, ಅವರಿಗೆ ಅರ್ಧ ಕಷ್ಟ ಕಡಿಮೆಯಾಯಿತು. ಶಿರಸಿಯಲ್ಲಿದ್ದುಕೊಂಡು ಖಾರದ ಚಿಂತೆ ಯಾಕೆ? ನಿಮ್ಮ ತಂಬುಳಿ ಇದೆಯಲ್ಲ, ಒಂದೆಲಗದ್ದೋ ಶುಂಠಿಯದ್ದೋ, ಮೆಣಸು ಕಡಿಮೆ ಮಾಡಿ. ತೊಡದೇವು ತಿನ್ನದ ಮಗುವನ್ನು ನಾನಂತೂ ನೋಡಿಲ್ಲ.

ಮೊದಲ ವಾರ ಊರವರನ್ನೆಲ್ಲ ಮನೆಗೆ ಕರೆಯಬೇಡಿ. ನೋಡಲು ಬರುವವರನ್ನು ಸ್ವಲ್ಪ ತಡೆಯಿರಿ. ಕೋಣೆಯ ಬಾಗಿಲು ಹಾಕಿಕೊಂಡರೆ ಮುನಿಸು ಅಂದುಕೊಳ್ಳಬೇಡಿ, ಆ ಮಗುವಿಗೆ ಅದು ಅಭ್ಯಾಸ. ಸೊಸೆಯ ಹತ್ತಿರ ದಿನಕ್ಕೊಂದು ಪ್ರಶ್ನೆ ಕೇಳಿ. 'ಅಮೆರಿಕ ಹೇಗಿತ್ತು?' ಅಂದರೆ 'ಚೆನ್ನಾಗಿತ್ತು' ಅನ್ನುತ್ತಾರೆ, ಮಾತು ಮುಗಿಯುತ್ತದೆ. ಹಿಮ ಬಿದ್ದ ದಿನ ಹಾಲು ಹೇಗೆ ತರುತ್ತಿದ್ದೆ, ಬಾಣಂತನದಲ್ಲಿ ಪಕ್ಕದಲ್ಲಿ ಯಾರಿದ್ದರು, ಹೀಗೆ ಕೇಳಿ. ಆಮೇಲೆ ಕೂತು ಕೇಳಿಸಿಕೊಳ್ಳಿ.

ಪ್ರಶ್ನೆ: ಕುವೈತ್‌ನಲ್ಲಿ 22 ವರ್ಷ ಡ್ರೈವರ್ ಆಗಿದ್ದೆ. ಊರಿಗೆ ಬಂದು ಎಂಟು ತಿಂಗಳಾಯಿತು. ಹೆಂಡತಿ, ಮಕ್ಕಳು ಒಳ್ಳೆಯವರು. ಆದರೆ ನನ್ನ ಮನೆಯಲ್ಲಿ ನಾನೇ ನೆಂಟ. ಯಾವ ಡಬ್ಬದಲ್ಲಿ ಸಕ್ಕರೆ ಇದೆ ಅಂತಲೂ ನನಗೆ ಗೊತ್ತಿಲ್ಲ. ಈಚೆಗೆ ನಿದ್ದೆ ಬರುವುದಿಲ್ಲ.
— ಬೈಂದೂರಿನಿಂದ ಒಬ್ಬರು

ಉತ್ತರ: ಅಣ್ಣ, ಮೊದಲು ನಿದ್ದೆಯ ವಿಷಯ. ಅದನ್ನು ಸಣ್ಣದು ಅಂತ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಮಾಡಿ.

22 ವರ್ಷ ನೀವಿಲ್ಲದೆ ಮನೆ ನಡೆಸುವುದನ್ನು ಅವರು ಕಲಿಯಬೇಕಾಯಿತು. ಕಲಿತರು. ಅದರಲ್ಲಿ ನಿಮ್ಮ ಸಂಪಾದನೆಯೂ ಇದೆ. ಈಗ ನಿಮಗೆ ಜಾಗ ಎಲ್ಲಿ ಅಂತ ಅವರಿಗೂ ಗೊತ್ತಾಗುತ್ತಿಲ್ಲ, ಅಷ್ಟೇ. ಎಲ್ಲವನ್ನೂ ಒಟ್ಟಿಗೆ ಕೈಗೆ ತೆಗೆದುಕೊಳ್ಳಲು ಹೋಗಬೇಡಿ. ಬೆಳಗಿನ ಚಾ ನನ್ನದು ಅನ್ನಿ. ಸಕ್ಕರೆ ಡಬ್ಬ ತಾನಾಗಿ ಗೊತ್ತಾಗುತ್ತದೆ. ನನ್ನವರು ಬಂದ ವರ್ಷ ತೆಂಗಿನ ಬುಡ ಬಿಡಿಸುವ ಕೆಲಸ ಹಿಡಿದರು. ಹನ್ನೆರಡು ಮರ. ಸಂಜೆ ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದರು, ಬಂದು ನಿದ್ದೆ ಮಾಡುತ್ತಿದ್ದರು.

ಶುಕ್ರವಾರ ಸಂಜೆ ಐದಕ್ಕೆ ನಮ್ಮ ಜಗಲಿಯಲ್ಲಿ ಕೊಲ್ಲಿಯಿಂದ ಬಂದ ಆರೇಳು ಮಂದಿ ಸೇರುತ್ತೇವೆ. ಚಾ ಇರುತ್ತದೆ, ಯಾರಾದರೂ ಖರ್ಜೂರ ತರುತ್ತಾರೆ. ಬೈಂದೂರಿನಿಂದ ಕುಂದಾಪುರಕ್ಕೆ ಬಸ್ಸು ಬೇಕಾದಷ್ಟಿವೆ. ಪತ್ರಿಕೆಯ ಕಚೇರಿಗೆ ಒಂದು ಫೋನ್ ಮಾಡಿದರೆ ಮನೆಯ ವಿಳಾಸ ಕೊಡುತ್ತಾರೆ, ನಾನು ಹೇಳಿಟ್ಟಿದ್ದೇನೆ. ಈ ಶುಕ್ರವಾರವೇ ಬನ್ನಿ.